ನಂದಿದುರ್ಗ: ನೆರೆಯ ಬೆಟ್ಟದ ಬೇಸಗೆಯ ಬಿಡಾರ

ಬೇಸಗೆಯ ರಜೆ ಸಮೀಪಿಸಿತೆಂದರೆ ವಿದ್ಯಾವಂತರ ಮನೆಗಳಲ್ಲಿ ದೂರದ ಗಿರಿಧಾಮಗಳ ಮಾತು ಮೊದಲಾಗುವುದು. ವೆಚ್ಚದ ಲೆಕ್ಕ ಹಾಕಿದ ಬಳಿಕ ಎಷ್ಟೋ ಕುಟುಂಬಗಳು ಹೊರಡುವ ಯೋಚನೆಯನ್ನೇ ಕೈಬಿಟ್ಟು, ಸೆಕೆಯನ್ನು ಸಹಿಸುತ್ತ ಮನೆಯೊಳಗೇ ರಜೆಯನ್ನು ಕಳೆಯುವುವು. ಬೆಟ್ಟದ ತಂಪನ್ನು ಬಯಸುವವರು ದೂರಕ್ಕೆ ಹೋಗಲೇಬೇಕೆಂಬ ಈ ಭಾವನೆಯು ಬಹುಮಟ್ಟಿಗೆ ಆಂಗ್ಲರ ಆಳ್ವಿಕೆಯ ಕಾಲದಲ್ಲಿ ಬೇರೂರಿದುದು. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ ಸಾಹೇಬರು ಉದಕಮಂಡಲದಲ್ಲಿ ಮನೆ ಕಟ್ಟಿಸಿದರು. 1864ರಲ್ಲಿ ಸಿಮ್ಲೆಯು ಭಾರತ ಸರಕಾರದ ಬೇಸಗೆಯ ರಾಜಧಾನಿಯಾಯಿತು. ಅಧಿಕಾರಿಗಳು ಕಡತಗಳೊಡನೆ ಬೆಟ್ಟವನ್ನೇರಿದರು. ಅವರನ್ನು ಕಂಡು ಉಳ್ಳವರೂ ಏರಿದರು. ಆದರೆ ನೆರೆಯ ಬೆಟ್ಟವನ್ನೇ ಆಶ್ರಯಿಸುವ ರೂಢಿಯು ನಮ್ಮ ನಾಡಿನಲ್ಲಿ ಇದಕ್ಕಿಂತ ಹಳೆಯದು. ಬೆಂಗಳೂರಿಗೆ ಸುಮಾರು 60 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟಕ್ಕೆ 4,851 ಅಡಿ ಎತ್ತರದಲ್ಲಿ ನಿಂತಿರುವ ನಂದಿದುರ್ಗದ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಗಂಗವಂಶದ ಅರಸರು ತಮ್ಮ ಬಿರುದುಗಳಲ್ಲಿ ‘ನಂದಗಿರಿನಾಥ’ ಎಂಬುದನ್ನು ಸೇರಿಸಿಕೊಂಡಿದ್ದರು. ಕುವಳಾಲಪುರಕ್ಕೆ ಒಡೆಯರೆಂದು ಹೇಳಿಕೊಂಡಂತೆಯೇ ಈ ಬೆಟ್ಟಕ್ಕೂ ಒಡೆಯರೆಂದು ಹೇಳಿಕೊಂಡುದರಿಂದ, ಇದಕ್ಕೆ ಅಂದೇ ಎಷ್ಟು ಗೌರವವಿದ್ದಿತೆಂಬುದು ತಿಳಿಯುತ್ತದೆ. ಬೆಟ್ಟದ ಬುಡದ ನಂದಿಗ್ರಾಮದಲ್ಲಿ ಭೋಗನಂದೀಶ್ವರನ ಆಲಯವಿದೆ. 9ನೆಯ ಶತಮಾನದ ಆದಿಭಾಗದ ಲೇಖಗಳು ಇದರ ಪ್ರಾಚೀನತೆಯನ್ನು ಸಾರುತ್ತವೆ. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ತರುವಾಯ ಒಬ್ಬರು ಇಲ್ಲಿ ತಮ್ಮ ಗುರುತನ್ನು ಉಳಿಸಿಹೋದರು. ನೆತ್ತಿಯ ಮೇಲಿರುವವನು ಯೋಗನಂದೀಶ್ವರ. ಕೆಳಗೆ ಭೋಗ, ಮೇಲೆ ಯೋಗ. ನಡುವೆ ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳು. ಈ ವಿನ್ಯಾಸದಲ್ಲಿಯೇ ಬೆಟ್ಟವನ್ನು ಹತ್ತುವವನಿಗೆ ಒಂದು ಉಪದೇಶವಿದೆಯೆಂದು ನಮ್ಮ ಹಿರಿಯರು ಬಗೆದಿದ್ದರೆ ಆಶ್ಚರ್ಯವಿಲ್ಲ.

ಕಾಲಕ್ರಮದಲ್ಲಿ ತಪಸ್ಸಿನ ಬೆಟ್ಟವು ಯುದ್ಧದ ಬೆಟ್ಟವಾಯಿತು. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೋಟೆಯನ್ನು ಹೈದರಾಲಿಯೂ ಟಿಪ್ಪು ಸುಲ್ತಾನನೂ ಬಲಪಡಿಸಿದರು. ಟಿಪ್ಪುವು ಬೇಸಗೆಯಲ್ಲಿ ತಂಗಲು ಮೇಲೊಂದು ಮನೆಯನ್ನು ಇರಿಸಿಕೊಂಡಿದ್ದನು. ಆ ಎರಡಂತಸ್ತಿನ ಕಟ್ಟಡ ಇಂದಿಗೂ ನಿಂತಿದೆ. ಮೂರು ಕಡೆ ಕಡಿದಾದ ಬಂಡೆಯಿಂದ ಕೂಡಿದ ಈ ದುರ್ಗವನ್ನು ಭೇದಿಸಲು ಆಂಗ್ಲರ ಸೇನೆಗೆ ಮೂರು ವಾರಗಳ ಮುತ್ತಿಗೆ ಬೇಕಾಯಿತು. ಫಿರಂಗಿಗಳನ್ನು ಬಹು ಪ್ರಯಾಸದಿಂದ ಮೇಲಕ್ಕೆಳೆದು ಗೋಡೆಯನ್ನು ಒಡೆದು, ಜನರಲ್ ಮೆಡೋಸನ ನೇತೃತ್ವದಲ್ಲಿ ಲಗ್ಗೆಯಿಟ್ಟು, 1791ನೆಯ ಅಕ್ಟೋಬರ್ 19ರಂದು ಅವರು ಅದನ್ನು ಹಿಡಿದರು. ಇಂದು ಮಕ್ಕಳು ಓಡಾಡುವ ಆ ಗೋಡೆಗಳ ಬಳಿ ಅಂದು ಎರಡು ಪಕ್ಷದವರೂ ಪ್ರಾಣ ತೆತ್ತರು.

ಯುದ್ಧ ಮುಗಿದ ಮೇಲೆ ಬೆಟ್ಟಕ್ಕೆ ಶಾಂತಿಯ ದಿನಗಳು ಮರಳಿದುವು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ ಸಾಹೇಬರು ಇಲ್ಲಿ ಮನೆಯೊಂದನ್ನು ಮಾಡಿಕೊಂಡು ಬೇಸಗೆಯಲ್ಲಿ ಬಂದು ತಂಗುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಪ್ರವಾಸದ ಆಯಾಸದಿಂದ ರಕ್ತದೊತ್ತಡ ಹೆಚ್ಚಿ ಹಾಸಿಗೆ ಹಿಡಿದಾಗ, ಅವರ ವಿಶ್ರಾಂತಿಗೆ ಗೊತ್ತುಮಾಡಿದುದೂ ಈ ಬೆಟ್ಟವನ್ನೇ. ಏಪ್ರಿಲಿನಿಂದ ಜೂನ್ ಮೊದಲ ವಾರದವರೆಗೆ, ಸುಮಾರು 45 ದಿನ, ಅವರು ಇಲ್ಲಿದ್ದು ಚೇತರಿಸಿಕೊಂಡು ಬೆಂಗಳೂರಿಗೆ ಇಳಿದರು. 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದರು. 1986ರಲ್ಲಿ ದಕ್ಷಿಣ ಏಷ್ಯದ ಏಳು ರಾಷ್ಟ್ರಗಳ ಮುಖ್ಯಸ್ಥರು ಬೆಂಗಳೂರಿನಲ್ಲಿ ನೆರೆದಾಗ ಬಿಡುವಿನ ಮಾತುಕತೆಗೆ ಇಲ್ಲಿಗೇ ಬಂದರು. ಸುಲ್ತಾನನೂ ಸಾಹೇಬರೂ ತಮಗಾಗಿ ಇಟ್ಟುಕೊಂಡಿದ್ದ ತಂಪು ಇಂದು ಸರ್ವರಿಗೂ ತೆರೆದಿದೆ. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಟ ಬಡ ಗೃಹಸ್ಥನೂ ಸಂಜೆಯೊಳಗೆ ಅದನ್ನುಂಡು ಮನೆ ಸೇರಬಲ್ಲನು. ಈ ಬೆಟ್ಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವಿಜಯ ಬೇರೊಂದಿಲ್ಲ.

ಆದರೆ ಹತ್ತಿರವಿರುವುದು ಅಗ್ಗವಾಗಿ ಕಾಣುವುದು ಮನುಷ್ಯಸ್ವಭಾವ. ಅಗ್ಗವಾಗಿ ಕಂಡುದನ್ನು ನಾವು ಕಾಪಾಡುವುದಿಲ್ಲ. ಇದಕ್ಕೆ ಈ ಬೆಟ್ಟದ ನೀರೇ ನಿದರ್ಶನ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ, ಇವೆಲ್ಲ ನಂದಿಯ ಸುತ್ತಮುತ್ತಲಿನ ಬೆಟ್ಟಸಾಲುಗಳಲ್ಲಿ ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಹರಿಯುತ್ತವೆ. ಬೆಂಗಳೂರಿಗೆ 1896ರಲ್ಲಿ ಕೊಳಾಯಿಯ ಮೂಲಕ ಬಂದ ನೀರು ಅರ್ಕಾವತಿಯದು, ಹೆಸರಘಟ್ಟದ ಕೆರೆಯದು. ಅದು ಸಾಲದೆ 1933ರಲ್ಲಿ ಅದೇ ಹೊಳೆಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಕಟ್ಟಿದರು. ನಗರ ಬೆಳೆಯಿತು, ಹೊಳೆ ಸೊರಗಿತು. 1974ರಲ್ಲಿ ಕಾವೇರಿಯ ನೀರನ್ನು ದೂರದಿಂದ ಮೇಲೆತ್ತಿ ತರಬೇಕಾಯಿತು. ನೆರೆಯದನ್ನು ಉಪೇಕ್ಷಿಸಿದವರು ದೂರದ್ದಕ್ಕೆ ಹೆಚ್ಚಿನ ಬೆಲೆ ತೆರಬೇಕಾಗುವುದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕೇ? ಬೆಟ್ಟವಾದರೂ ಅಚಲವೆಂದು ನೆಮ್ಮದಿಯಿಂದಿರುವಂತಿಲ್ಲ. 2021ರ ಆಗಸ್ಟಿನ ಮಳೆಗೆ ಅದರ ಪಾರ್ಶ್ವ ಕುಸಿದು ದಾರಿ ಹಾಳಾಗಿ ಕೆಲವು ತಿಂಗಳು ಯಾರೂ ಮೇಲೇರದಂತಾಯಿತು.

ಆದಕಾರಣ ಈ ಬೇಸಗೆಯಲ್ಲಿ ಮಕ್ಕಳೊಡನೆ ಹೊರಡುವ ಗೃಹಸ್ಥರಲ್ಲಿ ಒಂದು ಬಿನ್ನಹ. ವಾಹನದಲ್ಲಿ ನೇರವಾಗಿ ನೆತ್ತಿಗೆ ಹೋಗಿ, ತಿಂಡಿ ತಿಂದು, ಎಲೆ ಕಾಗದಗಳನ್ನು ಅಲ್ಲಿಯೇ ಚೆಲ್ಲಿ ಮರಳುವುದು ವಿಹಾರವಲ್ಲ. ಮೊದಲು ಕೆಳಗಿನ ಭೋಗನಂದೀಶ್ವರನ ಸನ್ನಿಧಿಯಲ್ಲಿ ಕಲ್ಯಾಣಮಂಟಪದ ಕಂಬಗಳ ಕುಸುರಿಯನ್ನು ಮಕ್ಕಳಿಗೆ ತೋರಿಸಿರಿ. ಕಾಲಲ್ಲಿ ಶಕ್ತಿಯಿದ್ದವರು ಹೊತ್ತೇರುವ ಮೊದಲೇ ಮೆಟ್ಟಿಲ ದಾರಿಯನ್ನು ಹಿಡಿಯಿರಿ. ಕೋಟೆಯ ಗೋಡೆಯ ಮುಂದೆ ನಿಂತು 1791ರ ಕಥೆಯನ್ನು ಹೇಳಿರಿ. ನೆತ್ತಿಯ ಮೇಲೆ ಕುಳಿತು ಯಾವ ದಿಕ್ಕಿಗೆ ಯಾವ ಹೊಳೆ ಹರಿಯುತ್ತದೆಂಬುದನ್ನು ಬೆರಳಿಟ್ಟು ತೋರಿಸಿರಿ. ತಾನು ಕುಡಿಯುವ ನೀರಿಗೂ ತಾನು ಹತ್ತಿದ ಬೆಟ್ಟಕ್ಕೂ ಇರುವ ಸಂಬಂಧವನ್ನು ಅರಿತ ಮಗುವು ಮುಂದೆ ಆ ಬೆಟ್ಟವನ್ನು ಹಾಳುಗೆಡವಲಾರದು. ದೂರದ ಊರುಗಳನ್ನು ಕಂಡು ಬರುವವರು ಕಂಡು ಬರಲಿ. ನೆರೆಯ ಬೆಟ್ಟವನ್ನು ಬಲ್ಲವರಾಗಿ ಹೊರಟರೆ ಅದೂ ಹೆಚ್ಚು ಫಲಕೊಡುವುದು.