ಕಾರ್ಖಾನೆಯಿಂದ ರಿಪೇರಿ ಮೇಜಿಗೆ: ಡಯಾಗ್ನೋಸ್ಟಿಕ್ ಕಾರ್ಡಿನ ಇತಿಹಾಸ

ಪರ್ಸನಲ್ ಕಂಪ್ಯೂಟರಿನ ದುರಸ್ತಿಯಲ್ಲಿ ಮೊದಲಿನಿಂದಲೂ ತಲೆನೋವಾಗಿರುವ ದೋಷವೆಂದರೆ, ವಿದ್ಯುತ್ ಹರಿದು ಫ್ಯಾನ್ ತಿರುಗುತ್ತಿದ್ದರೂ ಪರದೆಯ ಮೇಲೆ ಏನೂ ಮೂಡದಿರುವುದು. ರಿಪೇರಿ ಅಂಗಡಿಗಳಲ್ಲಿ ಇದನ್ನು 'ನೋ ಡಿಸ್‌ಪ್ಲೇ' ಎನ್ನುತ್ತಾರೆ. ಮೆಮೊರಿ, ಪ್ರಾಸೆಸರ್, ವಿಡಿಯೊ ಕಾರ್ಡ್, ಮದರ್‌ಬೋರ್ಡ್ ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಹೊರಗೆ ಕಾಣುವ ಲಕ್ಷಣ ಒಂದೇ ಆದ್ದರಿಂದ, ಒಂದೊಂದನ್ನೂ ಬದಲಿಸಿ ನೋಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ಸ್ಲಾಟಿಗೆ ಸಿಕ್ಕಿಸಿದೊಡನೆ ಎರಡು ಅಂಕಿಗಳಲ್ಲಿ ಯಂತ್ರದ ಸ್ಥಿತಿಯನ್ನು ತೋರುವ ಡಯಾಗ್ನೋಸ್ಟಿಕ್ ಕಾರ್ಡು ಈ ಕಷ್ಟವನ್ನು ಬಹುಮಟ್ಟಿಗೆ ತಗ್ಗಿಸಿತು. ಆದರೆ ಅದು ಹುಟ್ಟಿದ್ದು ರಿಪೇರಿಗಾರನಿಗಾಗಿ ಅಲ್ಲ.

1981ರ ಆಗಸ್ಟ್‌ನಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ, ವಿದ್ಯುತ್ ಹೋದರೂ ಅಳಿಯದ ಚಿಪ್ಪೊಂದರೊಳಗೆ ಬಯಾಸ್ ಎಂಬ ಮೂಲ ತಂತ್ರಾಂಶವಿತ್ತು. ಸ್ವಿಚ್ ಹಾಕಿದ ಕೂಡಲೇ ಪ್ರಾಸೆಸರ್ ಮೊದಲು ಓದುವುದು ಇದನ್ನೇ. ಬಯಾಸ್ ಮೊದಲಿಗೆ ಪ್ರಾಸೆಸರನ್ನು, ತನ್ನದೇ ಚಿಪ್ಪನ್ನು, ಟೈಮರನ್ನು, ಮೆಮೊರಿಯ ಮೊದಲ ಭಾಗವನ್ನು ಕ್ರಮವಾಗಿ ಪರೀಕ್ಷಿಸಿ, ಆಮೇಲಷ್ಟೇ ವಿಡಿಯೊ ಕಾರ್ಡಿನ ಕಡೆಗೆ ತಿರುಗುತ್ತದೆ. 'ಪವರ್ ಆನ್ ಸೆಲ್ಫ್ ಟೆಸ್ಟ್', ಚಿಕ್ಕದಾಗಿ 'ಪೋಸ್ಟ್' ಎಂದು ಕರೆಯಲಾಗುವ ಈ ಸ್ವಪರೀಕ್ಷೆಯ ಕ್ರಮದಲ್ಲೇ ತೊಡಕು ಅಡಗಿತ್ತು: ಪರದೆ ಜೀವ ತಳೆಯುವ ಮುನ್ನವೇ ದೋಷ ಸಿಕ್ಕಿದರೆ ಅದನ್ನು ಬರೆದು ತೋರಿಸಲು ಜಾಗವೇ ಇರುವುದಿಲ್ಲ. ಐಬಿಎಂ ಅದಕ್ಕೆ ಸ್ಪೀಕರಿನ ಬೀಪ್ ಶಬ್ದವನ್ನು ಬಳಸಿಕೊಂಡಿತು. ಒಂದು ಉದ್ದ ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಭಾಗದ ದೋಷ ಎಂದರ್ಥ. ಪರದೆ ಬಂದ ಮೇಲೆ ಸಿಕ್ಕಿದ ದೋಷಗಳಿಗೆ ಅಂಕಿಗಳಿದ್ದವು, 301 ಎಂದರೆ ಕೀಬೋರ್ಡಿನದು. ಬೀಪುಗಳಿಂದ ಹೇಳಬಹುದಾದ ಸಂಗತಿಗಳು ಬೆರಳೆಣಿಕೆಯಷ್ಟು ಮಾತ್ರ, ಮತ್ತು ಶಬ್ದವನ್ನೂ ಹೊರಡಿಸಲಾರದಷ್ಟು ಕೆಟ್ಟ ಬೋರ್ಡಿನ ಪಾಲಿಗೆ ಅವೂ ಇಲ್ಲ.

1984ರಲ್ಲಿ ಬಂದ ಐಬಿಎಂ ಎಟಿ ಮಾದರಿಯಲ್ಲಿ ಬಯಾಸ್ ಇನ್ನೊಂದು ಕೆಲಸ ಮಾಡತೊಡಗಿತು. ಪರೀಕ್ಷೆಯ ಪ್ರತಿ ಘಟ್ಟದಲ್ಲೂ ಆ ಘಟ್ಟದ ಸಂಖ್ಯೆಯನ್ನು 80 ಹೆಕ್ಸ್ ಎಂಬ ಪೋರ್ಟಿಗೆ ಬರೆಯುತ್ತ ಹೋಗುವ ವ್ಯವಸ್ಥೆ ಅದು. ಪೋರ್ಟ್ ಎಂದರೆ ಪ್ರಾಸೆಸರ್ ಹೊರಗಿನ ಸಾಧನಗಳೊಡನೆ ವ್ಯವಹರಿಸುವ ವಿಳಾಸ; ಹೆಕ್ಸ್ ಎಂದರೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಜೊತೆಗೆ ಎ ಯಿಂದ ಎಫ್ ವರೆಗಿನ ಅಕ್ಷರಗಳನ್ನೂ ಸೇರಿಸಿಕೊಂಡು ಹದಿನಾರರ ಮಾನದಲ್ಲಿ ಎಣಿಸುವ ಪದ್ಧತಿ. ಡಿಎಂಎ, ಅಂದರೆ ಪ್ರಾಸೆಸರಿನ ನೆರವಿಲ್ಲದೆ ಮೆಮೊರಿಗೆ ದತ್ತಾಂಶ ಸಾಗಿಸುವ ವ್ಯವಸ್ಥೆಗೆ ಸೇರಿದ ರಿಜಿಸ್ಟರುಗಳ ಸಾಲಿನಲ್ಲಿ ಈ ವಿಳಾಸ ಬಳಕೆಯಿಲ್ಲದೆ ಉಳಿದಿದ್ದುದರಿಂದ, ಅಲ್ಲಿ ಏನು ಬರೆದರೂ ಯಂತ್ರದ ಕೆಲಸಕ್ಕೆ ಬಾಧೆಯಿರಲಿಲ್ಲ. ಎಟಿಯ ಬಯಾಸ್ ಬರಹದಲ್ಲಿ ಇದಕ್ಕಿಟ್ಟ ಹೆಸರಿನ ಅರ್ಥ 'ತಯಾರಿಕೆಯ ಪೋರ್ಟ್' ಎಂದು. ಕಾರ್ಖಾನೆಯಲ್ಲಿ ಬೋರ್ಡುಗಳನ್ನು ಪರೀಕ್ಷಿಸುವವರ ಅನುಕೂಲಕ್ಕಾಗಿಯೇ ಅದು ಇತ್ತು. ಆದರೆ ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಆ ಬರಹವನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದ್ದರಿಂದ ಕಾರ್ಖಾನೆಯ ಒಳಗುಟ್ಟು ಕೊಂಡು ಓದಬಲ್ಲ ಎಲ್ಲರ ಕೈಗೂ ಸಿಕ್ಕಿತು. ಕಾರ್ಡಿನ ಇತಿಹಾಸದಲ್ಲಿ ಯಾವ ಚಿಪ್ಪಿಗಿಂತಲೂ ಈ ಮುದ್ರಣಕ್ಕೇ ಹೆಚ್ಚಿನ ಸ್ಥಾನ ಸಲ್ಲಬೇಕು.

ಈ ಪೋರ್ಟಿಗೆ ಬರುವ ಸಂಖ್ಯೆಯನ್ನು ಓದಿ ತೋರುವ ಕಾರ್ಡಿನ ರಚನೆ ಸರಳವಾದುದು. ಐಎಸ್‌ಎ ಎಂಬ ಹಳೆಯ ಸ್ಲಾಟಿನ ತಂತಿಗಳಲ್ಲಿ 80 ಹೆಕ್ಸ್ ವಿಳಾಸ ಬಂದಿದೆಯೇ, ಜೊತೆಗೆ 'ಬರೆ' ಎಂಬ ಸಂಕೇತವೂ ಇದೆಯೇ ಎಂದು ಕೆಲವೇ ಚಿಪ್ಪುಗಳು ಹೋಲಿಸಿ ನೋಡುತ್ತವೆ. ಎರಡೂ ಇದ್ದರೆ ಆ ಕ್ಷಣದ ಎಂಟು ಬಿಟ್‌ಗಳನ್ನು ಹಿಡಿದಿಟ್ಟು ಎರಡು ಅಂಕಿಗಳಾಗಿ ಬೆಳಗಿಸುತ್ತವೆ. ಕಾರ್ಡು ಆಲಿಸುತ್ತದೆಯೇ ಹೊರತು ಮಾತಾಡುವುದಿಲ್ಲ. ಪರೀಕ್ಷೆ ಸಾಗುತ್ತಿರುವಷ್ಟು ಕಾಲ ಅಂಕಿಗಳು ಓಡುತ್ತವೆ, ಯಂತ್ರ ಎಲ್ಲಿ ನಿಂತಿತೋ ಅಲ್ಲಿ ಅವೂ ನಿಲ್ಲುತ್ತವೆ.

ನಿಂತ ಅಂಕಿಯ ಅರ್ಥ ಹೇಳುವುದೇ ಕಷ್ಟದ ಭಾಗ. ಐಬಿಎಂನ ನಕಲು ಯಂತ್ರಗಳ ಮಾರುಕಟ್ಟೆ ಬೆಳೆದಂತೆ ಫೀನಿಕ್ಸ್, ಅವಾರ್ಡ್, ಹಾಗೂ ಭಾರತ ಮೂಲದ ಸುಬ್ರಮೋನಿಯನ್ ಶಂಕರ್ ಸ್ಥಾಪಕರಲ್ಲೊಬ್ಬರಾಗಿ 1985ರಲ್ಲಿ ಆರಂಭವಾದ ಅಮೆರಿಕನ್ ಮೆಗಾಟ್ರೆಂಡ್ಸ್, ಅಂದರೆ ಎಎಂಐ, ತಮ್ಮ ತಮ್ಮ ಬಯಾಸ್ ಬರೆದು ಮಾರತೊಡಗಿದವು. ಪೋರ್ಟನ್ನು ಎಲ್ಲರೂ ಬಹುಪಾಲು ಉಳಿಸಿಕೊಂಡರು, ಕಾಂಪ್ಯಾಕ್ 84 ಹೆಕ್ಸನ್ನು ಬಳಸಿದಂಥ ಅಪವಾದಗಳಿದ್ದರೂ. ಘಟ್ಟಗಳ ಸಂಖ್ಯೆಗಳನ್ನು, ಅಂದರೆ ಕೋಡುಗಳನ್ನು, ಮಾತ್ರ ಪ್ರತಿಯೊಬ್ಬರೂ ಬೇರೆಯಾಗಿ ಇಟ್ಟರು. ಅವಾರ್ಡ್ ಬಯಾಸಿನಲ್ಲಿ ಸಿ1 ಮೆಮೊರಿಯನ್ನು ಗುರುತಿಸುವ ಘಟ್ಟವಾದ್ದರಿಂದ ಅಲ್ಲಿ ನಿಂತ ಯಂತ್ರದ ಮೆಮೊರಿ ಕಡ್ಡಿಯನ್ನು ತೆಗೆದು, ಅದರ ಹೊಂಬಣ್ಣದ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಿ ನೋಡುವುದು ರಿಪೇರಿಗಾರರ ಮೊದಲ ಹೆಜ್ಜೆಯಾಗಿತ್ತು, ಅನೇಕ ಸಲ ಕೊನೆಯದೂ ಅದೇ. ಅವಾರ್ಡಿನಲ್ಲಿ ಪರೀಕ್ಷೆ ಮುಗಿಸಿ ಬೂಟ್ ಆಗುವಾಗ ಬರುವ ಕೋಡು ಎಫ್‌ಎಫ್, ಎಎಂಐನಲ್ಲಿ ಅದೇ ಘಟ್ಟಕ್ಕೆ 00. ಪ್ರಾಸೆಸರ್ ಒಂದು ಆದೇಶವನ್ನೂ ಓದದ ಸತ್ತ ಬೋರ್ಡಿನಲ್ಲೂ ಕಾರ್ಡು ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನೇ ತೋರುತ್ತಿತ್ತು. ಹೀಗೆ ಪೂರ್ಣ ಆರೋಗ್ಯಕ್ಕೂ ಪೂರ್ಣ ಸಾವಿಗೂ ಅಂಕಿ ಒಂದೇ ಆಗಿದ್ದುದರಿಂದ, ಅಂಕಿಗಳು ಓಡಿ ಬಂದು ನಿಂತವೋ ಮೊದಲಿನಿಂದಲೇ ಹಾಗಿದ್ದವೋ ಎಂಬುದನ್ನು ನೋಡದವನಿಗೆ ಕಾರ್ಡಿನಿಂದ ಉಪಯೋಗವಿರಲಿಲ್ಲ. ಕೋಡು ಯಂತ್ರ ನಿಂತ ಜಾಗವನ್ನು ಹೇಳುತ್ತದೆ, ಕೆಟ್ಟ ಭಾಗವನ್ನಲ್ಲ. ಸಿ1ರಲ್ಲಿ ನಿಂತ ಬೋರ್ಡಿನ ದೋಷ ಮೆಮೊರಿಗೆ ವಿದ್ಯುತ್ ಒದಗಿಸುವ ಭಾಗದಲ್ಲೂ ಇರಬಹುದು.

ಭಾರತದಲ್ಲಿ 1984ರ ನವೆಂಬರಿನ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿದ ಮೇಲೆ, ಬಿಡಿಭಾಗ ಕೊಂಡು ಜೋಡಿಸಿದ 'ಅಸೆಂಬಲ್ಡ್' ಯಂತ್ರಗಳಿಗೆ ದಾರಿ ತೆರೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರು ಪ್ಲೇಸ್ ಈ ವ್ಯಾಪಾರದ ಪೇಟೆಗಳು. ಬೋರ್ಡು ಒಬ್ಬರದು, ಮೆಮೊರಿ ಇನ್ನೊಬ್ಬರದು ಎಂಬಂಥ ಯಂತ್ರಕ್ಕೆ ಒಂದೇ ಕಂಪನಿಯ ಸರ್ವೀಸ್ ಕೈಪಿಡಿ ಇರಲು ಸಾಧ್ಯವಿಲ್ಲವಾದ್ದರಿಂದ, ಯಾರ ಬೋರ್ಡಿಗಾದರೂ ಸಿಕ್ಕಿಸಬಹುದಾದ ಕಾರ್ಡು ಇಂಥ ಕಡೆಯೇ ಹೆಚ್ಚು ಪ್ರಯೋಜನಕ್ಕೆ ಬಂತು.

1992ರಲ್ಲಿ ಇಂಟೆಲ್ ಪ್ರಕಟಿಸಿದ ಪಿಸಿಐ ಮಾನದಂಡದ ಸ್ಲಾಟಿನಲ್ಲಿ ವಿಳಾಸವೂ ದತ್ತಾಂಶವೂ ಒಂದೇ ತಂತಿಗಳ ಮೇಲೆ ಸರದಿಯಾಗಿ ಬರುವುದರಿಂದ, ಬಿಡಿ ಚಿಪ್ಪುಗಳ ಸರಳ ಹೋಲಿಕೆ ಸಾಲದೆ ಹೊಸ ಬಗೆಯ ಕಾರ್ಡು ಬೇಕಾಯಿತು. ಒಂದು ಅಂಚಿನಲ್ಲಿ ಐಎಸ್‌ಎ, ಎದುರಂಚಿನಲ್ಲಿ ಪಿಸಿಐ ಇರುವ ಜೋಡಿ ಕಾರ್ಡುಗಳು ಅಗ್ಗವಾಗಿ ಸಿಗತೊಡಗಿದವು. ಐಎಸ್‌ಎ ಅಂಚನ್ನು ತಿರುಗುಮುರುಗಾಗಿ ಸಿಕ್ಕಿಸಿದರೆ ಕಾರ್ಡೋ ಬೋರ್ಡೋ ಸುಡುವ ಅಪಾಯವೂ ಅವುಗಳ ಜೊತೆಗೇ ಬಂತು. ಈ ಕಾರ್ಡುಗಳ ಮೇಲಿದ್ದ 12, 5, 3.3 ವೋಲ್ಟುಗಳ ದೀಪಗಳು, ಕ್ಲಾಕ್ ಮತ್ತು ರೀಸೆಟ್ ದೀಪಗಳು ಅಂಕಿಗಳಿಗಿಂತ ವಿಶ್ವಾಸಾರ್ಹವಾಗಿದ್ದವು: ರೀಸೆಟ್ ದೀಪ ಒಮ್ಮೆ ಹೊತ್ತಿ ಆರದೆ ಉರಿಯುತ್ತಲೇ ಇದ್ದರೆ ಪ್ರಾಸೆಸರ್ ಕೆಲಸವನ್ನೇ ಆರಂಭಿಸಿಲ್ಲ ಎಂದರ್ಥವಾದ್ದರಿಂದ, ಕೋಡನ್ನು ನೋಡುವ ಅಗತ್ಯವೇ ಇರಲಿಲ್ಲ.

2000ದ ಆಸುಪಾಸಿಗೆ ಹೊಸ ಬೋರ್ಡುಗಳಿಂದ ಐಎಸ್‌ಎ ಸ್ಲಾಟು, ಮುಂದೆ ನಿಧಾನವಾಗಿ ಪಿಸಿಐ ಸ್ಲಾಟು ಮರೆಯಾದವು. ಕೋಡು ಯಾವ ತಂತಿಗಳಿಗೆ ಹೋಗಬೇಕೆಂಬುದನ್ನು ಚಿಪ್‌ಸೆಟ್ಟಿನ ಒಂದು ಬಿಟ್ ತೀರ್ಮಾನಿಸುವಂತಾದ ಮೇಲೆ, ಕೆಲಸ ಮಾಡುತ್ತಿರುವ ಬೋರ್ಡಿನಲ್ಲೂ ಕಾರ್ಡು ಸುಮ್ಮನಿರುವುದು ಸಾಮಾನ್ಯವಾಯಿತು. ಲ್ಯಾಪ್‌ಟಾಪುಗಳಿಗಾಗಿ ಬಂದ ಚಿಕ್ಕ ಕಾರ್ಡುಗಳು, ತಯಾರಕರು ಬೇಕಾದ ತಂತಿಗಳನ್ನು ಅವು ಕೂರುವ ಸ್ಲಾಟಿಗೆ ಎಳೆದಿದ್ದರೆ ಮಾತ್ರ ಏನನ್ನಾದರೂ ತೋರುತ್ತವೆ. ಬಯಾಸಿನ ಜಾಗಕ್ಕೆ ಬಂದ ಯುಇಎಫ್‌ಐ ತಂತ್ರಾಂಶವೂ 80 ಹೆಕ್ಸ್‌ಗೆ ಕೋಡು ಬರೆಯುವುದನ್ನು ಬಿಟ್ಟಿಲ್ಲ. ಆದರೆ ದುಬಾರಿ ಬೋರ್ಡುಗಳಲ್ಲಿ ಆ ಎರಡು ಅಂಕಿಗಳು ಬೋರ್ಡಿನ ಮೇಲೆಯೇ ಬೆಳಗುತ್ತವೆ, ಅಗ್ಗದವುಗಳಲ್ಲಿ ಪ್ರಾಸೆಸರ್, ಮೆಮೊರಿ, ವಿಡಿಯೊ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಬಿಡಿ ಕಾರ್ಡಿನ ಅಗತ್ಯ ಈಗ ಮುಖ್ಯವಾಗಿ ಹಳೆಯ ಸ್ಲಾಟುಗಳುಳ್ಳ ಕೈಗಾರಿಕಾ ಕಂಪ್ಯೂಟರುಗಳ ದುರಸ್ತಿಗೆ ಉಳಿದಿದೆ, ಅಲ್ಲಿಯೂ ಆ ಯಂತ್ರದ ಬಯಾಸಿನ ಕೋಡು ಪಟ್ಟಿ ಕೈಯಲ್ಲಿಲ್ಲದಿದ್ದರೆ ಕಾರ್ಡನ್ನು ಕೊಳ್ಳುವುದು ವ್ಯರ್ಥ.