ನೆನಪಿಗಿಂತ ಮೊದಲು ಬರುವ ಸದ್ದು

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಹಿಂದಿನ ಒಂದು ಪ್ರೆಸ್ಸಿನಲ್ಲಿ ಅಪ್ಪ ಅಚ್ಚುಮೊಳೆ ಜೋಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದರ ಬಗ್ಗೆ ಕಿರುಚಿತ್ರ ಮಾಡಿದೆ. ಫ್ಲ್ಯಾಶ್‌ಬ್ಯಾಕ್ ಬಂದಲ್ಲೆಲ್ಲ ಪರದೆಯನ್ನು ನೀರಿನಂತೆ ಅಲುಗಿಸಿ, ಕಂದು ಬಣ್ಣ ಬಳಿದಿದ್ದೆ. ಅಮ್ಮ ನೋಡಿ, "ಇದು ಸಿನಿಮಾದವರ ನೆನಪು ಕಣೋ" ಅಂದಳು.

ಈ ತಂತ್ರಗಳು ಒಂದು ಕಾಲಕ್ಕೆ ಇಷ್ಟು ಅಗ್ಗವಾಗಿರಲಿಲ್ಲ. ರೀಲಿನ ದಿನಗಳಲ್ಲಿ ಒಂದು ದೃಶ್ಯ ಕರಗಿ ಇನ್ನೊಂದು ಮೂಡಬೇಕಾದರೆ, ಸಂಕಲನಕಾರರು ವರ್ಕ್‌ಪ್ರಿಂಟ್ ಮೇಲೆ ಮೇಣದ ಪೆನ್ಸಿಲ್‌ನಿಂದ ಓರೆಗೆರೆ ಎಳೆದು ಲ್ಯಾಬಿಗೆ ಕಳಿಸಬೇಕಿತ್ತು. ಎಷ್ಟೋ ಕನ್ನಡ ಚಿತ್ರಗಳಿಗೆ ಆ ಲ್ಯಾಬು ಇದ್ದದ್ದು ಮದರಾಸಿನಲ್ಲಿ. ಎರಡು ಸೆಕೆಂಡಿನ ಡಿಸಾಲ್ವ್ ಎಂದರೆ 48 ಫ್ರೇಮು. ಪ್ರಿಂಟ್ ಕೈಗೆ ಬರುವವರೆಗೆ ಅದು ಹೇಗೆ ಬಂದಿದೆಯೆಂದು ಕಾಣುತ್ತಿರಲಿಲ್ಲ. ದುಂದು ಮಾಡುವ ಮಾತೇ ಇಲ್ಲ. ಈಗ ಒಂದು ಬಟನ್ ಒತ್ತಿದರಾಯಿತು.

1942ರ 'ಕಾಸಾಬ್ಲಾಂಕಾ' ಮತ್ತೆ ಹಾಕಿ ನೋಡಿದೆ. ಅಲ್ಲೂ ಡಿಸಾಲ್ವ್ ಇದೆ. ಆದರೆ ಅದಕ್ಕೂ ಮೊದಲೇ ಪಿಯಾನೊ ಶುರುವಾಗಿರುತ್ತದೆ, ಕ್ಯಾಮೆರಾ ರಿಕ್‌ನ ಮುಖದತ್ತ ಸರಿಯುತ್ತದೆ, ಆಮೇಲಷ್ಟೇ ಪ್ಯಾರಿಸ್. ನಮ್ಮನ್ನು ಕರೆದೊಯ್ಯುವುದು ಕಿವಿ. ಬಣ್ಣವನ್ನಂತೂ ನಂಬುವಂತಿಲ್ಲ, 2013ರ 'ಲೂಸಿಯಾ'ದಲ್ಲಿ ಪವನ್ ಕುಮಾರ್ ನನಸನ್ನು ಕಪ್ಪು-ಬಿಳುಪಿನಲ್ಲಿಟ್ಟು, ಕನಸಿಗೆ ಬಣ್ಣ ಕೊಟ್ಟು ಎಲ್ಲರನ್ನೂ ಏಮಾರಿಸಿದ್ದರು.

ಅಲುಗಾಟ, ಕಂದು ಎರಡನ್ನೂ ತೆಗೆದೆ. ಅಮ್ಮ ಹಳೆಯ ಲಗ್ನಪತ್ರಿಕೆಯ ಮೇಲೆ ಬೆರಳಾಡಿಸುತ್ತಾಳೆ. ಅವಳ ಮುಖ ಪರದೆಯ ಮೇಲಿರುವಾಗಲೇ ಟ್ರೆಡಲ್ ಯಂತ್ರದ ಸದ್ದು ಕೇಳತೊಡಗುತ್ತದೆ. ಒಂದೂವರೆ ಸೆಕೆಂಡಿನ ನಂತರ ನೇರ ಕಟ್.

ಅಮ್ಮ ಈ ಸಲ ಬಹಳ ಹೊತ್ತು ಸುಮ್ಮನಿದ್ದಳು. "ನಿಮ್ಮಪ್ಪ ಇಷ್ಟು ಬೇಗ ತುಳೀತಿರಲಿಲ್ಲ" ಅಂದಳು.

ಸದ್ದನ್ನು ನಿಧಾನ ಮಾಡಿದೆ.