ಬಹ್ರೇನಿನ ಪ್ರೋಗ್ರಾಮರ್: ಕೆಲಸ ಹೆಚ್ಚಿತು, ಕದ ಕಿರಿದಾಯಿತು

ಬಹ್ರೇನಿಗೆ ಕಂಪ್ಯೂಟರ್ ಕೆಲಸ ಬಂದದ್ದು ಬಹುಮಟ್ಟಿಗೆ ಬ್ಯಾಂಕುಗಳ ಬೆನ್ನಿಗೆ. 1975ರಲ್ಲಿ ಅರಬ್ ಜಗತ್ತಿನ ಬ್ಯಾಂಕಿಂಗ್ ಕೇಂದ್ರವಾಗಿದ್ದ ಬೈರೂತನ್ನು ಅಂತರ್ಯುದ್ಧ ಕಂಗೆಡಿಸಿದಾಗ ಬಹ್ರೇನಿನ ರಾಜಧಾನಿ ಮನಾಮಾ ಹೊರದೇಶದ ಬ್ಯಾಂಕುಗಳಿಗೆ ಆಫ್‌ಶೋರ್ ಪರವಾನಗಿ ಕೊಟ್ಟು ಕರೆಯಿತು. ಕರಾವಳಿಯ ನಮ್ಮವರು ಆ ಹೊತ್ತಿಗಾಗಲೇ ಅಲ್ಲಿದ್ದರು. 1977ರಲ್ಲಿ ಕನ್ನಡ ಸಂಘವೂ ಹುಟ್ಟಿತು.

ಆಗ ಸಂಬಳದ ಮಾತಿಗೆ ಬಲವಿರಲಿಲ್ಲ. ವೀಸಾ ಕೊಟ್ಟ ಮಾಲೀಕ ಒಪ್ಪದೆ ಬೇರೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಬಿಟ್ಟು ಹೋಗಲಾಗದವನು ಹೆಚ್ಚು ಕೇಳುವುದಾದರೂ ಹೇಗೆ? ಈ ಗಂಟು ಸಡಿಲವಾದದ್ದು 2009ರಲ್ಲಿ. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಆ ವರ್ಷ ಅವಕಾಶ ಸಿಕ್ಕಿತು. 2011ರಲ್ಲಿ ಮೊದಲ ಮಾಲೀಕನ ಬಳಿ ಒಂದು ವರ್ಷ ದುಡಿದಿರಬೇಕೆಂಬ ಷರತ್ತು ಸೇರಿತು. ಪ್ರೋಗ್ರಾಮರನ ಸಂಬಳಕ್ಕೆ ಬೆಲೆ ತಂದ ಸುಧಾರಣೆಗಳಲ್ಲಿ 2009ರ ಬದಲಾವಣೆಯೇ ದೊಡ್ಡದು ಎಂಬುದು ನನ್ನ ಎಣಿಕೆ.

2014ರ ನಂತರ ತೈಲ ಬೆಲೆ ಕುಸಿದು ಬಹ್ರೇನಿನ ಬೊಕ್ಕಸಕ್ಕೆ ಪೆಟ್ಟು ಬಿತ್ತು. 2018ರಲ್ಲಿ ಸೌದಿ, ಎಮಿರೇಟ್ಸ್, ಕುವೈತ್ ಅದಕ್ಕೆ 1,000 ಕೋಟಿ ಡಾಲರ್ ನೆರವು ಕೊಡಲು ಒಪ್ಪಿದವು. ಆ ಇಕ್ಕಟ್ಟಿನ ನಡುವೆಯೇ ಹೊಸ ಕೆಲಸಕ್ಕೆ ನೆಲ ಸಿದ್ಧವಾಯಿತು: 2017ರಲ್ಲಿ ಸರ್ಕಾರದ ಕ್ಲೌಡ್ ನೀತಿ, 2018ರಲ್ಲಿ ಹಣಕಾಸು ತಂತ್ರಜ್ಞಾನ ಕಂಪನಿಗಳ ತಾಣವಾದ ಫಿನ್‌ಟೆಕ್ ಬೇ, 2019ರಲ್ಲಿ ಮಧ್ಯಪ್ರಾಚ್ಯದಲ್ಲೇ ಮೊದಲನೆಯದಾದ ಅಮೆಜಾನ್ ಕ್ಲೌಡ್ ಕೇಂದ್ರ.

ಕೋವಿಡ್ ಹೊಡೆತದ ಬಳಿಕ, 2021ರ ಅಕ್ಟೋಬರಿನಲ್ಲಿ ಬಂದ ಚೇತರಿಕೆ ಯೋಜನೆ ವರ್ಷಕ್ಕೆ 20,000 ಕೆಲಸಗಳ ಗುರಿ ಇಟ್ಟಿತು. ಆ ಕೆಲಸಗಳು ಬಹ್ರೇನಿ ನಾಗರಿಕರಿಗೆ. ಹತ್ತು ವರ್ಷಗಳಲ್ಲಿ 1,000 ಕೋಡರ್‌ಗಳನ್ನು ತೆಗೆದುಕೊಳ್ಳುವುದಾಗಿ 2022ರಲ್ಲಿ ಸಿಟಿ ಬ್ಯಾಂಕ್ ಹೇಳಿದಾಗಲೂ ಬೆನ್ನಿಗಿದ್ದದ್ದು ತಮ್ಕೀನ್; ನಾಗರಿಕರನ್ನು ಸೇರಿಸಿಕೊಂಡ ಕಂಪನಿಗೆ ಅವರ ಸಂಬಳದ ಒಂದು ಪಾಲು ತುಂಬಿಕೊಡುವ ಸರ್ಕಾರಿ ನಿಧಿ ಅದು. ತನ್ನ ಮಕ್ಕಳಿಗೆ ಮೊದಲು ಕೆಲಸ ಎನ್ನುವುದು ಆ ದೇಶದ ಹಕ್ಕು, ಅದರಲ್ಲಿ ತಪ್ಪಿಲ್ಲ. ಆದರೆ ಓದು ಮುಗಿಸಿ ನೇರ ಹೊರಡುವ ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿ ಜಾಗ ಕಡಿಮೆಯಾಗಿದೆ. ಕ್ಲೌಡ್, ಸೈಬರ್ ಭದ್ರತೆ, ಬ್ಯಾಂಕಿಂಗ್ ತಂತ್ರಾಂಶಗಳಲ್ಲಿ ಕೆಲವು ವರ್ಷ ಪಳಗಿದವರು ಪ್ರಯತ್ನಿಸಬಹುದು.

ಸಂಬಳ ತೂಗುವಾಗ ಎಚ್ಚರ ಬೇಕು. ಒಂದು ದಿನಾರಿನ ಬೆಲೆ ಸುಮಾರು 2.66 ಡಾಲರಿಗೆ ನಿಗದಿಯಾಗಿದೆ, ಆದಾಯ ತೆರಿಗೆಯಿಲ್ಲ. ಕಣ್ಣು ಕುಕ್ಕುವುದು ಇಲ್ಲೇ. ಆದರೆ 2022ರಿಂದ ವ್ಯಾಟ್ ಶೇ. 10. ಅದಕ್ಕಿಂತ ಮುಖ್ಯವಾದದ್ದು, ಅನೇಕ ಕಡೆ ಒಟ್ಟು ಸಂಬಳದ ದೊಡ್ಡ ಪಾಲು ಮನೆ ಬಾಡಿಗೆ, ಓಡಾಟದ ಭತ್ಯೆಗಳ ಹೆಸರಿನಲ್ಲಿರುತ್ತದೆ. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿಗೆ ಆ ಭತ್ಯೆಗಳು ಲೆಕ್ಕಕ್ಕಿಲ್ಲ. 2012ರ ಕಾರ್ಮಿಕ ಕಾನೂನು ನೋಡುವುದು ಮೂಲ ವೇತನ ಮತ್ತು ಸಾಮಾಜಿಕ ಭತ್ಯೆಯನ್ನು ಮಾತ್ರ. ದುಡಿಮೆಯ ಆಧಾರದ ಮೇಲೆ ಸಿಗುವ ಗೋಲ್ಡನ್ ವೀಸಾಕ್ಕೂ (ದೀರ್ಘಕಾಲದ ವಾಸದ ಪರವಾನಗಿ) ಐದು ವರ್ಷ ತಿಂಗಳಿಗೆ ಸರಾಸರಿ 2,000 ದಿನಾರ್ ಮೂಲ ವೇತನವೇ ಬೇಕು. ಗ್ರಾಚ್ಯುಟಿ ಹಣವನ್ನು ಮಾಲೀಕರು ತಿಂಗಳು ತಿಂಗಳೂ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕೆಂಬ ನಿಯಮ 2024ರ ಮಾರ್ಚಿನಿಂದ ಬಂದಿರುವುದು ನೆಮ್ಮದಿಯ ಸಂಗತಿ.

ಮನಾಮಾದಿಂದ ಆಫರ್ ಲೆಟರ್ ಬಂದರೆ ಒಟ್ಟು ಮೊತ್ತ ನೋಡಿ ಹಿಗ್ಗುವ ಮೊದಲು ಮೂಲ ವೇತನ ಎಷ್ಟೆಂದು ಓದಿ. ಕಡಿಮೆಯೆನಿಸಿದರೆ ಸಹಿ ಹಾಕುವ ಮುಂಚೆಯೇ ಕೇಳಿ.